ಕಲ್ಲಡಿಯ ತುಂಗೆ

ಶೃಂಗೇರಿಯ ಸ್ನಾನಘಟ್ಟದ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚುವವರು ಮೀನಿನ ಬೆನ್ನು ನೋಡುತ್ತಾರೆ, ಬಾಲ ನೋಡುತ್ತಾರೆ, ಗಾತ್ರ ನೋಡಿ ‘ಅಬ್ಬಾ’ ಎನ್ನುತ್ತಾರೆ. ಬಾಯಿ ನೋಡುವವರು ಕಡಿಮೆ. ಮಹಶೀರ್ ಮೀನಿನ ಬಾಯಿ ಮೂತಿಯ ತುದಿಯಲ್ಲಿಲ್ಲ, ತುಸು ಕೆಳಗಿದೆ. ತುಟಿ ದಪ್ಪ. ಬಾಯಿಯ ಒಂದೊಂದು ಪಕ್ಕಕ್ಕೂ ಎರಡೆರಡು ಮೀಸೆ. ತೇಲುವ ಮಂಡಕ್ಕಿಗೆ ಬಾಯಿ ಹಾಕಬೇಕಾದರೆ ಅದು ಮೈ ಓರೆ ಮಾಡಿ, ತಲೆ ಮೇಲಕ್ಕೆತ್ತಿ, ಒಂದಿಷ್ಟು ಗಾಳಿಯನ್ನೂ ಜೊತೆಗೆ ನುಂಗಿ ‘ಚಪ್’ ಎಂದು ಸದ್ದು ಮಾಡಬೇಕು. ನೂರಾರು ಮೀನು ಒಟ್ಟಿಗೆ ಹೀಗೆ ಮಾಡುವಾಗಿನ ಗದ್ದಲವೇ ಯಾತ್ರಿಕರಿಗೆ ಖುಷಿ. ಆದರೆ ಆ ಬಾಯಿ, ಆ ತುಟಿ, ಆ ಮೀಸೆ ಎಲ್ಲ ಇರುವುದು ನೀರಿನ ಮೇಲ್ಭಾಗಕ್ಕಾಗಿ ಅಲ್ಲ, ತಳಕ್ಕಾಗಿ.

ದವಡೆಯಲ್ಲಿ ಅದಕ್ಕೆ ಹಲ್ಲಿಲ್ಲ. ಹಲ್ಲಿರುವುದು ಗಂಟಲೊಳಗೆ, ಕಿವಿರುಗಳ ಹಿಂದೆ. ಬಸವನಹುಳುವಿನ ಚಿಪ್ಪು, ಏಡಿಯ ಕಾಲು, ದಡದ ಮರದಿಂದ ಬಿದ್ದ ಅತ್ತಿಹಣ್ಣು ಎಲ್ಲವೂ ಅಲ್ಲೇ ಪುಡಿಯಾಗಬೇಕು. ಗೆಂಡೆ ಬಳಗದ ಈ ಮೀನುಗಳಿಗೆ ಜಠರವೆಂಬ ಚೀಲವೇ ಇಲ್ಲ. ಗಂಟಲು ದಾಟಿದ್ದು ಸೀದಾ ಕರುಳಿಗೆ. ಒಂದೇ ಸಲ ಹೊಟ್ಟೆ ತುಂಬ ತಿಂದು ಮಲಗುವ ಜಾಯಮಾನ ಇವುಗಳದ್ದಲ್ಲ, ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರಬೇಕು. ಮಂಡಕ್ಕಿ ಸಿಗುವುದು ಘಟ್ಟದ ಬಳಿ, ಹಗಲು ಹೊತ್ತಿನಲ್ಲಿ, ಅದೂ ಜನ ಬಂದರೆ. ಆಷಾಢದ ಕೆಂಪು ನೀರಿನಲ್ಲಿ ಮೆಟ್ಟಿಲುಗಳೇ ಮುಳುಗಿರುವಾಗ ಎರಚುವವರು ಯಾರು? ಘಟ್ಟದಿಂದ ಒಂದು ಮೈಲಿ ಮೇಲೋ ಕೆಳಗೋ ಇರುವ ಮೀನಿಗಂತೂ ಯಾರೂ ಎಂದೂ ಎರಚಿಲ್ಲ. ಅವು ಏನು ತಿನ್ನುತ್ತವೆ ಎಂದು ಮಂಡಕ್ಕಿ ಮಾರುವ ಹೆಂಗಸನ್ನು ಕೇಳಿದೆ. “ಹೊಳೇಲಿ ಇರತ್ತಲ್ಲ, ಪಾಚಿ ಗೀಚಿ” ಎಂದಳು. ಆ ‘ಗೀಚಿ’ಯನ್ನು ನೋಡುವುದೇ ನಮ್ಮ ಪ್ರವಾಸದ ಉದ್ದೇಶವಾಗಿತ್ತು.

ನಮ್ಮ ಎಂದರೆ ನಾನು ಮತ್ತು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ಗೆಳೆಯ. ದೀಪಾವಳಿ ಕಳೆದು ನೀರು ತಿಳಿಯಾಗುವುದನ್ನೇ ಕಾಯುತ್ತಿದ್ದೆವು. ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಭದ್ರೆಯನ್ನು ಸೇರುವ ತುಂಗೆಯ ಉದ್ದ 147 ಕಿಲೋಮೀಟರ್. ಅಷ್ಟರಲ್ಲಿ ದೇವಸ್ಥಾನ ಎಷ್ಟು, ಮಠ ಎಷ್ಟು, ಸೇತುವೆ ಎಷ್ಟು ಎಂದು ಬರೆದವರು ಬೇಕಾದಷ್ಟು ಜನರಿದ್ದಾರೆ. ನಮ್ಮ ಸರಂಜಾಮು ಒಂದು ಬಿಳಿ ಪ್ಲಾಸ್ಟಿಕ್ ತಟ್ಟೆ, ಟೀ ಸೋಸುವ ಜರಡಿ, ಸೊಳ್ಳೆಪರದೆಯ ತುಂಡು, ಬಣ್ಣ ಹಚ್ಚುವ ಮೆತ್ತನೆಯ ಬ್ರಷ್ಷು, ಒಂದು ಭೂತಗನ್ನಡಿ.

ಕೆರೆಕಟ್ಟೆ ಕಡೆಯ ಹೊಳೆ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತದೆ. ಅಲ್ಲಿ ನೀರಿಗಿಳಿದು ಕಲ್ಲು ಕೆದಕುವಂತಿಲ್ಲ, ಕೆದಕಲೂಬಾರದು. ಆದ್ದರಿಂದ ನೆಮ್ಮಾರಿನ ಹತ್ತಿರ ಪರಿಚಯದ ಗೌಡರೊಬ್ಬರ ಅಡಿಕೆ ತೋಟದ ಅಂಚಿನಲ್ಲಿ ಹರಿದು ತುಂಗೆಗೆ ಬೀಳುವ ಹಳ್ಳವನ್ನು ಆರಿಸಿಕೊಂಡೆವು. ಮೊಣಕಾಲುದ್ದದ ನೀರು. ಮೇಲೆ ಹೊನ್ನೆ, ನೇರಳೆ, ಹೊಳೆದಾಸವಾಳ ಕವುಚಿಕೊಂಡು ಮಧ್ಯಾಹ್ನದಲ್ಲೂ ನೆರಳು. ಗೆಳೆಯ ಎರಡು ಕೈಗೂ ತುಂಬುವ ಕಲ್ಲೊಂದನ್ನು ನಿಧಾನ ಎತ್ತಿ, ಅಡಿಮೈ ಮೇಲೆ ಮಾಡಿ ಹಿಡಿದ. ಮೊದಲಿಗೆ ಏನೂ ಕಾಣಲಿಲ್ಲ. ನೀರು ಬಸಿದು ಮಿನುಗು ನಿಂತ ಮೇಲೆ ಕಲ್ಲಿನ ಮೈಯೇ ನಡೆಯತೊಡಗಿತು.

ಅಡ್ಡಡ್ಡ ಸರಿಯುತ್ತಿದ್ದದ್ದು ಮೇಫ್ಲೈ ಎಂಬ ಕೀಟದ ಮರಿ. ಕಲ್ಲಿಗೂ ಅದಕ್ಕೂ ನಡುವೆ ಉಗುರು ತೂರದಷ್ಟು ಚಪ್ಪಟೆ. ಕಣ್ಣು ಎರಡೂ ತಲೆಯ ಮೇಲ್ಭಾಗದಲ್ಲಿ, ಹಿಂದೆ ಎಳೆ ಎಳೆಯಾದ ಮೂರು ಬಾಲ, ಹೊಟ್ಟೆಯ ಇಕ್ಕೆಲದಲ್ಲಿ ಸಾಲಾಗಿ ಕಿವಿರು. ತಟ್ಟೆಯ ನೀರಿಗೆ ಬಿಟ್ಟರೆ ಆ ಕಿವಿರುಗಳೆಲ್ಲ ಒಟ್ಟಿಗೆ ಅಲುಗುವುದು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇದು ತಿಂಗಳುಗಟ್ಟಲೆ ಹೀಗೆ ಕಲ್ಲು ಕೆರೆಯುತ್ತ ಬೆಳೆದು, ಒಂದು ಸಂಜೆ ರೆಕ್ಕೆ ಮೂಡಿ ಹೊರಗೆ ಬಂದು, ರೆಕ್ಕೆ ಬಂದ ಮೇಲೂ ಇನ್ನೊಮ್ಮೆ ಪೊರೆ ಕಳಚುತ್ತದೆ. ಕೀಟಗಳಲ್ಲಿ ಬೇರೆ ಯಾರಿಗೂ ಈ ಅಭ್ಯಾಸವಿಲ್ಲ. ಆಮೇಲೆ ಊಟವೇ ಇಲ್ಲ. ಕೂಡಿ, ಮೊಟ್ಟೆಯಿಟ್ಟು, ಕೆಲವೇ ಗಂಟೆಯಲ್ಲೋ ಒಂದೆರಡು ದಿನದಲ್ಲೋ ಸತ್ತುಹೋಗುತ್ತದೆ. ಮಳೆಗಾಲದ ಹಿಂದುಮುಂದೆ ಸೇತುವೆಯ ದೀಪದ ಕೆಳಗೆ ರಾಶಿ ಬೀಳುವ ತೆಳು ರೆಕ್ಕೆಯ ಹುಳಗಳಲ್ಲಿ ಇವೂ ಇರುತ್ತವೆ. ಜನ ‘ಮಳೆಹುಳ’ ಎಂದು ಗುಡಿಸಿ ಬಿಸಾಡುತ್ತಾರೆ.

ಅದರ ಹಿಂದೆಯೇ ಓಡುತ್ತಿದ್ದದ್ದು ಸ್ಟೋನ್‌ಫ್ಲೈ ಮರಿ. ಹಳದಿ ಮೈ ಮೇಲೆ ಕಂದು ಗುರುತು, ಬಾಲ ಎರಡೇ. ಇದು ಬೇಟೆಗಾರ, ಮೇಫ್ಲೈ ಮರಿಯೇ ಇದರ ಊಟ. ಆದರೆ ಇದರ ಪೊಗರು ಹರಿಯುವ ನೀರಿನಲ್ಲಿ ಮಾತ್ರ. ತಟ್ಟೆಯ ನಿಂತ ನೀರಿಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಗರಡಿ ಹುಡುಗನ ಹಾಗೆ ದಂಡ ಹೊಡೆಯಲು ಶುರು ಮಾಡಿತು. ಮೈಯನ್ನು ಮೇಲೆ ಕೆಳಗೆ ಆಡಿಸಿ ಕಿವಿರಿನ ಸುತ್ತ ಹೊಸ ನೀರು ತಂದುಕೊಳ್ಳುವ ಉಪಾಯ ಅದು, ಆಮ್ಲಜನಕ ಸಾಲದೆ ಬಂದಾಗ ಮಾಡುತ್ತದೆ. ಗೆಳೆಯ ತಕ್ಷಣ ಅದನ್ನು ಹಳ್ಳಕ್ಕೆ ಬಿಟ್ಟ. “ಕೊಳೆ ನೀರಲ್ಲಿ ಮೊದಲು ಸಾಯೋದು ಇದೇ” ಎಂದ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಹೊಳೆಯ ಆರೋಗ್ಯ ಅಳೆಯಲು ಇಂಥ ಜೀವಿಗಳಿಗೆ ಅಂಕ ಇಟ್ಟಿದ್ದಾರೆ. ಸ್ಟೋನ್‌ಫ್ಲೈ ಸಿಕ್ಕಿದರೆ 10, ಚಪ್ಪಟೆ ಮೇಫ್ಲೈಗೂ 10, ಎರೆಹುಳದ ಬಳಗಕ್ಕೆ 1. ಪ್ರಯೋಗಾಲಯದ ಪರೀಕ್ಷೆ ನೀರು ತುಂಬಿಕೊಂಡ ಆ ಗಳಿಗೆಯದನ್ನು ಮಾತ್ರ ಹೇಳುತ್ತದೆ; ಹೊಳೆಯ ತಳದಲ್ಲಿ ತಿಂಗಳುಗಟ್ಟಲೆ ಸಂಸಾರ ಮಾಡಿದ ಹುಳಕ್ಕೆ ಹೋದ ವಾರ ರಾತ್ರೋರಾತ್ರಿ ಯಾರು ಏನು ಸುರಿದರು ಎನ್ನುವುದೂ ಗೊತ್ತಿರುತ್ತದೆ.

ಕಲ್ಲಿನ ಒಂದು ಮೂಲೆಯಲ್ಲಿ ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿದ ಕಿರುಬೆರಳಿನ ಉಗುರುದ್ದದ ಕೊಳವೆ. ಒಳಗೆ ಕ್ಯಾಡಿಸ್ ಮರಿ. ನೀರೊಳಗೂ ಹಿಡಿಯುವ ಅಂಟಿನ ರೇಷ್ಮೆಯನ್ನು ಬಾಯಿಂದ ನೂತು ಕಟ್ಟಿದ ಮನೆ. ಅದರ ಪಕ್ಕದಲ್ಲೇ ಇನ್ನೊಂದು ಜಾತಿಯ ಕ್ಯಾಡಿಸ್, ಅದಕ್ಕೆ ಕೊಳವೆಯ ಉಸಾಬರಿ ಇಲ್ಲ. ಎರಡು ಕಲ್ಲಿನ ನಡುವೆ ನೀರು ನುಗ್ಗುವ ಕಡೆಗೆ ಮುಖ ಮಾಡಿ ಬಲೆ ಕಟ್ಟಿ ಹಿಂದೆ ಕುಳಿತಿರುತ್ತದೆ, ಬಂದದ್ದು ಬಾಯಿಗೆ. ಬಲೆಯ ಕಣ್ಣುಗಳು ಅಳೆದಿಟ್ಟಂತೆ ಚೌಕ. ತಾಮ್ರದ ಬಣ್ಣದ ದುಂಡು ಬಿಲ್ಲೆಯೊಂದನ್ನು ನಾನು ಕಲ್ಲಿನ ಮಚ್ಚೆ ಎಂದೇ ತಿಳಿದಿದ್ದೆ. ಬ್ರಷ್ಷಿನಿಂದ ಮಗುಚಿದಾಗ ಅಡಿಯಲ್ಲಿ ಆರು ಕಾಲು. ಒಂದು ಬಗೆಯ ನೀರುದುಂಬಿಯ ಮರಿ ಅದು. ತುಸು ಮೇಲೆ ನೀರು ಧುಮುಕುವ ಬಂಡೆಯ ಮೇಲೆ, ನಮ್ಮ ಕೈಯೇ ನಿಲ್ಲದ ಸೆಳೆತದಲ್ಲಿ, ಹೊಟ್ಟೆಯಡಿ ಆರು ಹೀರುಬಟ್ಟಲು ಇಟ್ಟುಕೊಂಡ ನೊಣದ ಮರಿಗಳು ಆರಾಮಾಗಿ ಪಾಚಿ ಮೇಯುತ್ತಿದ್ದವು.

ಇಷ್ಟು ಚಪ್ಪಟೆಯಾಗುವುದು, ಅಂಟಿಕೊಳ್ಳುವುದು, ಮನೆ ಕಟ್ಟಿ ಅವಿತುಕೊಳ್ಳುವುದು ಎಲ್ಲ ಯಾಕೆ? ಸೆಳೆತ ಒಂದು ಕಾರಣ, ಮೀನು ಇನ್ನೊಂದು. ಗೆಳೆಯ ಕಲ್ಲನ್ನು ಹೇಗಿತ್ತೋ ಹಾಗೇ, ಅಡಿ ಅಡಿಗೇ ಬರುವಂತೆ ಇಟ್ಟ. ಇಡುವಷ್ಟರಲ್ಲೇ ಎದ್ದಿದ್ದ ಕೆಸರಿಗೆ ಬೆರಳುದ್ದದ ಮೀನುಗಳು ಮುತ್ತಿದವು. ಪಟ್ಟೆಪಟ್ಟೆ ಮೈಯ, ಮೀಸೆಯ, ತಳ ಬಿಟ್ಟು ಮೇಲೆ ಬಾರದ ಲೋಚ್ ಜಾತಿಯವು ಮರಳಿಗೆ ಮೂತಿ ಇಟ್ಟು ಒಂದೊಂದೇ ಹುಳ ಹೆಕ್ಕುತ್ತವೆ. ಗರ್ರಾ ಎಂಬ ಕಲ್ಲುಕಚ್ಚಿಯ ಬಾಯಿ ಪೂರ್ತಿ ಕೆಳಗಿದೆ, ಹಿಂದೆ ಒಂದು ಹೀರುತಟ್ಟೆ. ಬಂಡೆಗೆ ಅಂಟಿ ಪಾಚಿ ಕೆರೆಯುವಾಗ ಪಾಚಿಯಲ್ಲಿದ್ದ ಮರಿಹುಳಗಳೂ ಹೋಗುತ್ತವೆ. ಇವೆಲ್ಲ ಸಾರಿಗೆ ಬಾರದ ಮೀನುಗಳು, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಘಟ್ಟದಲ್ಲಿ ಕಂಡ ಆ ಭಾರಿ ಮಹಶೀರ್ ಕೂಡ ಬೆರಳುದ್ದ ಇದ್ದಾಗ ತಿಂದು ಬೆಳೆದದ್ದು ಹೀಗೆ ಪಾಚಿ ಮತ್ತು ಹುಳಗಳನ್ನೇ.

ಹುಳಕ್ಕೆ ಊಟ ಎಲ್ಲಿಂದ? ಬಹುಪಾಲು ಮರದಿಂದ. ಇಷ್ಟು ನೆರಳಿನ ಹಳ್ಳದಲ್ಲಿ ಪಾಚಿ ಹೆಚ್ಚು ಬೆಳೆಯುವುದಿಲ್ಲ. ಉದುರಿದ ಎಲೆಯೇ ಬಂಡವಾಳ. ಆದರೆ ಬರಿ ಒಣ ಎಲೆ ಯಾವ ಹುಳಕ್ಕೂ ರುಚಿಸದು. ಅದು ನೀರಲ್ಲಿ ನೆನೆದು, ಅದಕ್ಕೆ ಒಂದು ಬಗೆಯ ಜಲಶಿಲೀಂಧ್ರ ಹತ್ತಬೇಕು. ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಮತ್ತು ಸಂಗಡಿಗರು ಪಶ್ಚಿಮಘಟ್ಟದ ಹಳ್ಳಗಳಲ್ಲಿ ದಶಕಗಳ ಕಾಲ ಹುಡುಕಿದ್ದು ಈ ಶಿಲೀಂಧ್ರಗಳನ್ನೇ. ಇವುಗಳ ಬೀಜಕಣಗಳಲ್ಲಿ ಬಹಳಷ್ಟಕ್ಕೆ ನಾಲ್ಕು ಕಡೆ ಚಾಚಿದ ತೋಳುಗಳಿವೆ. ಹರಿಯುವ ನೀರಲ್ಲಿ ಎಲೆಗೆ ಸಿಕ್ಕಿಕೊಳ್ಳಲು ಅನುಕೂಲ. ಧುಮುಕುವ ನೀರಿನ ಕೆಳಗೆ ಮೂಲೆಯಲ್ಲಿ ನಿಲ್ಲುವ ಬಿಳಿ ನೊರೆಯನ್ನು ಚಮಚದಲ್ಲಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅಂಥ ಬೀಜಕಣಗಳು ರಾಶಿ ಕಾಣುತ್ತವೆ. ನೊರೆ ಕಂಡರೆ ಸೋಪಿನ ಅನುಮಾನ ಪಡುವ ನನಗೆ ಇದು ಹೊಸತು. ಶಿಲೀಂಧ್ರ ಹತ್ತಿ ಮೆತ್ತಗಾದ ಎಲೆಯನ್ನು ಕೆಲವು ಹುಳ ಹರಿದು ತಿನ್ನುತ್ತವೆ, ನಮ್ಮಂಥ ಬಿಸಿನಾಡಿನ ಹಳ್ಳಗಳಲ್ಲಿ ಏಡಿಗಳೂ ಈ ಕೆಲಸಕ್ಕೆ ಸೇರಿಕೊಳ್ಳುತ್ತವೆ. ಅವು ಬಿಟ್ಟ ಪುಡಿಯನ್ನು ಕೆಳಗಿನ ಬಲೆಗಾರ ಕ್ಯಾಡಿಸ್ ಹಿಡಿಯುತ್ತದೆ. 1980ರಲ್ಲಿ ರಾಬಿನ್ ವ್ಯಾನೋಟ್ ಮತ್ತು ಜೊತೆಗಾರರು ಅಮೆರಿಕದ ಹೊಳೆಗಳನ್ನು ಇಟ್ಟುಕೊಂಡು ಹೇಳಿದ್ದು ಇದನ್ನೇ: ಮೇಲೆ ಎಲೆ ಹರಿಯುವವರು, ನಡುವೆ ಪಾಚಿ ಕೆರೆಯುವವರು, ಕೆಳಗೆ ಪುಡಿ ಸೋಸುವವರು, ಹೊಳೆ ಅಗಲವಾದಂತೆ ಉಣ್ಣುವವರ ಪಂಕ್ತಿ ಬದಲಾಗುತ್ತದೆ. ನಮ್ಮ ಹೊಳೆಗಳಿಗೆ ಅದು ಅಕ್ಷರಶಃ ಹೊಂದುವುದಿಲ್ಲ ಎನ್ನುವವರೂ ಇದ್ದಾರೆ. ಆದರೂ ತುಂಗೆಯ ಉದ್ದಕ್ಕೆ ಹೋಗುವವನಿಗೆ ಒಳ್ಳೆಯ ಕೈಮರ.

ತೋಟದ ದರೆ ಇಳಿದು ಗೌಡರ ತಾಯಿ ಬಂದರು. “ಎಂತ ಮಾರಾಯ್ರೆ, ಏಡಿ ಸಿಕ್ತಾ?”

“ಏಡಿ ಅಲ್ಲ ಅಮ್ಮ, ಹುಳ ನೋಡ್ತಿದೀವಿ.”

“ಹುಳ ನೋಡಕ್ಕೆ ಅಷ್ಟು ದೂರದಿಂದ ಬರ್ಬೇಕಿತ್ತಾ? ನಮ್ಮನೆ ಅಕ್ಕಿ ಡಬ್ಬ ತೆಗೆದಿದ್ರೆ ಸಾಕಿತ್ತು.”

ನಗು ಮುಗಿದ ಮೇಲೆ ಅವರೇ ದಡದಲ್ಲಿ ಕೂತು ಹೇಳಿದರು. ಅವರು ಮದುವೆಯಾಗಿ ಬಂದ ಕಾಲದಲ್ಲಿ ಈ ಹಳ್ಳದಲ್ಲಿ ಒಂದು ಕಲ್ಲು ತಿರುಗಿಸಿದರೆ ಒಂದು ಕಲ್ಲೇಡಿ. ಮೊದಲ ಮಳೆಗೆ ಮೀನು ಹತ್ತುವಾಗ ಗದ್ದೆಯ ತೂಬಿಗೆ ಕೂಣಿ ಇಟ್ಟರೆ ಬೆಳಗಿಗೆ ಹೊರಲಾರದಷ್ಟು. ಈಗ ಏಡಿ ಬೇಕೆಂದರೆ ಮೇಲೆ ಕಾಡಿನಂಚಿಗೆ ಹೋಗಬೇಕು. “ಔಷಧಿ ಜಾಸ್ತಿ ಆತು” ಎಂದರು ಮಗನ ಮುಖ ನೋಡದೆ.

ಔಷಧಿ ಎಂದರೆ ಮೈಲುತುತ್ತ ಮತ್ತು ಸುಣ್ಣ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದ ವರದಿಯಿಂದಾಚೆ ಮಲೆನಾಡಿನ ಮಳೆಗಾಲಕ್ಕೆ ಇದು ಅಂಟಿಕೊಂಡಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಅಡಿಕೆ ಉಳಿಸಿದ್ದು ಅದೇ, ಅನುಮಾನವಿಲ್ಲ. ಆದರೆ ತುತ್ತದಲ್ಲಿರುವ ತಾಮ್ರ ಬಸವನಹುಳುವಿಗೆ ವಿಷ. ಬಸವನಹುಳು ಕೊಲ್ಲಲೆಂದೇ ಅದನ್ನು ಬಳಸುವವರಿದ್ದಾರೆ. ಮೇಫ್ಲೈ ಮರಿಗಳಿಗೂ ಒಳ್ಳೆಯದಲ್ಲ. ಅದರ ಜೊತೆಗೆ ಈಗ ಕಳೆನಾಶಕ ಬೇರೆ. ಗೌಡರು ಬೇಸರಿಸದೆ ನಮ್ಮನ್ನು ದ್ರಾವಣದ ಬ್ಯಾರೆಲ್ ತೊಳೆಯುವ ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಕೆಳಗಿನ ಕಲ್ಲುಗಳಲ್ಲಿ ಕ್ಯಾಡಿಸ್ ಕೊಳವೆಗಳಿದ್ದವು, ಹೆಚ್ಚಿನವು ಖಾಲಿ. ಬಸವನಹುಳು ಸಿಗಲೇ ಇಲ್ಲ. ಒಂದು ಹಳ್ಳ ನೋಡಿ ತೀರ್ಪು ಕೊಡುವುದು ಸರಿಯಲ್ಲ. ಆದರೆ ಗೌಡರು ಸುಮ್ಮನೆ ನೋಡುತ್ತ ನಿಂತು, “ಬ್ಯಾರೆಲ್‌ನ ಮೇಲೆ ಕಣದ ಹತ್ರ ತೊಳೆದ್ರೂ ಆತದೆ, ದೂರ ಅಂತ ಇಲ್ಲಿಗೆ ತರ್ತಿದ್ವಿ ಅಷ್ಟೆ” ಎಂದರು. ಔಷಧಿ ಬಿಡುತ್ತೇನೆ ಎನ್ನಲಿಲ್ಲ. ಬಿಡಿ ಎನ್ನುವ ಧೈರ್ಯ ನಮಗೂ ಇರಲಿಲ್ಲ. ಊಟಕ್ಕೆ ಕೂತದ್ದು ಆ ಅಡಿಕೆಯ ದುಡ್ಡಿನಲ್ಲೇ.

ಊಟಕ್ಕೆ ಮೊದಲು ಕತ್ತಲಲ್ಲಿ ಒಂದು ಕೆಲಸವಿತ್ತು. ಬೆಳಕಿದ್ದಾಗ ಸೊಳ್ಳೆಪರದೆಯನ್ನು ಹಳ್ಳಕ್ಕೆ ಅಡ್ಡ ಹಿಡಿದು ನೋಡಿದ್ದೆವು, ಎರಡು ಎಲೆ ಚೂರು ಬಿಟ್ಟರೆ ಏನೂ ಇಲ್ಲ. ಅದೇ ಜಾಗದಲ್ಲಿ, ಅಷ್ಟೇ ಹೊತ್ತು, ಕತ್ತಲಾದ ಮೇಲೆ ಹಿಡಿದೆವು. ಟಾರ್ಚು ಬಿಟ್ಟು ನೋಡಿದರೆ ಪರದೆಯ ತುಂಬ ಜೀವ. ಹಗಲು ಕಲ್ಲಡಿ ಅವಿತಿದ್ದವು ಮೇಯಲು ಮೇಲೆ ಬಂದು, ಕೆಲವು ಸೆಳೆತಕ್ಕೆ ಸಿಕ್ಕಿ, ಕೆಲವು ಬೇಕೆಂದೇ ಕಾಲು ಬಿಟ್ಟು ಕೆಳಗೆ ತೇಲುತ್ತವೆ. ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಹೆದರಿ ರಾತ್ರಿ ಆರಿಸಿಕೊಂಡ ದಾರಿ ಇದು. ಸೂರ್ಯ ಮುಳುಗಿದ ಮೊದಲ ಒಂದೆರಡು ಗಂಟೆಯಲ್ಲೇ ಓಡಾಟ ಜೋರು. ಹಾಗೆಂದು ತಪ್ಪಿಸಿಕೊಂಡವೇ? ಮಡುವಿನ ಬಾಯಲ್ಲಿ ಟಾರ್ಚಿನ ಬೆಳಕಿಗೆ ಹಾವುಮೀನೊಂದು ಕಂಡಿತು. ಕಣ್ಣಿನ ಹಂಗಿಲ್ಲದೆ ಮೂತಿಯ ತುದಿಯ ಮೆತ್ತನೆಯ ಮಾಂಸವನ್ನು ಅತ್ತಿತ್ತ ಆಡಿಸುತ್ತ ಕಲ್ಲಿನ ಒಂದೊಂದು ಸಂದಿಗೂ ತೂರಿಸಿ ನೋಡುತ್ತಿತ್ತು. ಒಂದು ಸಂದಿಯಲ್ಲಿ ನಿಂತಿತು, ಗಂಟಲು ಒಮ್ಮೆ ಉಬ್ಬಿ ಇಳಿಯಿತು, ಮುಂದಿನ ಸಂದಿ.

ಆ ಸಂದಿಗಳ ಬಗ್ಗೆಯೇ ಮುಂದಿನ ದಾರಿಯುದ್ದಕ್ಕೂ ಮಾತಾಯಿತು. ಎರಡು ಕಲ್ಲಿನ ನಡುವಿನ ಖಾಲಿ ಜಾಗ ಇದೆಯಲ್ಲ, ಹೊಳೆಯಲ್ಲಿ ಬೆಲೆ ಇರುವುದು ಅದಕ್ಕೆ. ಅಲ್ಲಿ ನೀರು ಆಡುತ್ತದೆ, ಗಾಳಿ ಸಿಗುತ್ತದೆ, ಅಡಗಲು ಜಾಗವಿದೆ. ಸಣ್ಣ ಮಣ್ಣು ಬಂದು ತುಂಬಿಕೊಂಡರೆ ನೀರು ಕುಡಿಯಲು ಚೆನ್ನಾಗಿಯೇ ಇರಬಹುದು, ಹುಳಕ್ಕೆ ಮಾತ್ರ ಮನೆ ಹೋಯಿತು. ತುಂಗೆ ಹುಟ್ಟುವ ಗುಡ್ಡದಲ್ಲೇ ಹುಟ್ಟುವ ಭದ್ರೆಗೆ ಇದು ಚೆನ್ನಾಗಿ ಗೊತ್ತು. ಕುದುರೆಮುಖದಲ್ಲಿ 1980ರಿಂದ ಕಬ್ಬಿಣದ ಅದಿರು ತೆಗೆಯುತ್ತಿದ್ದಷ್ಟು ಕಾಲ ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ ಗುಡ್ಡದ ಹುಡಿಯನ್ನು ಹೊಳೆಗೆ ಇಳಿಸಿತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಆಗಿನ ಹೋರಾಟದಲ್ಲಿ ಹುಲಿ, ಸಿಂಗಳೀಕ, ಶೋಲಾ ಕಾಡು ಎಲ್ಲರ ಬಾಯಲ್ಲಿತ್ತು. ಕಲ್ಲಡಿಯ ಹುಳದ ಪರ ಯಾರೂ ಘೋಷಣೆ ಕೂಗಿದ್ದು ನೆನಪಿಲ್ಲ.

ತೀರ್ಥಹಳ್ಳಿಗೆ ಬರುವಷ್ಟರಲ್ಲಿ ತುಂಗೆ ಬೇರೆಯೇ ಹೆಣ್ಣು. ಅಗಲ, ಬಿಸಿಲು, ದೊಡ್ಡ ದೊಡ್ಡ ಬಂಡೆ, ನಡುನಡುವೆ ಮರಳು. ಊರಿನ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ಸಿದ್ಧಿವಿನಾಯಕನ ಗುಡಿಯ ಕೆಳಗೆ ಮತ್ಸ್ಯಧಾಮ. ಇಲ್ಲೂ ಮೀನಿಗೆ ಅಕ್ಕಿ, ಮಂಡಕ್ಕಿ, ಬಿಸ್ಕತ್ತು. ಇಲ್ಲೂ ಮೀನು ಹಿಡಿಯುವಂತಿಲ್ಲ. ಮಲೆನಾಡು ಕರಾವಳಿಗಳಲ್ಲಿ ಈ ‘ದೇವರ ಮೀನಿ’ನ ನಂಬಿಕೆ ಇಲ್ಲದೆ ಹೋಗಿದ್ದರೆ ಮಹಶೀರ್‌ನಂಥ ಮೀನು ಎಷ್ಟು ಹೊಳೆಯಲ್ಲಿ ಉಳಿಯುತ್ತಿತ್ತೋ. ಅದನ್ನು ಹಗುರವಾಗಿ ನೋಡಲಾರೆ. ಪಶ್ಚಿಮಘಟ್ಟದ ಕೆಳಗಿನ ಶಿಶಿಲದಲ್ಲಿ 1996ರಲ್ಲಿ ಕಿಡಿಗೇಡಿಗಳು ಕಪಿಲಾ ಹೊಳೆಗೆ ವಿಷ ಹಾಕಿ ಸಾವಿರಾರು ದೇವರ ಮೀನು ಸತ್ತಾಗ ಊರವರು ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿದರು. ಆದರೆ ವಿಷಕ್ಕೆ ಸಿಗುವುದು ಮೀನೊಂದೇ ಅಲ್ಲ. ಬ್ಲೀಚಿಂಗ್ ಪೌಡರ್ ಸುರಿದು ಮೀನು ಹಿಡಿಯುವವನು ತೇಲಿದ್ದನ್ನು ಬಾಚಿಕೊಂಡು ಹೋಗುತ್ತಾನೆ. ತೇಲದೆ ಕಲ್ಲಡಿ ಸತ್ತದ್ದನ್ನು ಯಾರೂ ಎಣಿಸುವುದಿಲ್ಲ. ಮೇಲಿನ ಮಡುವಿನಿಂದ ಹೊಸ ಮೀನು ಇಳಿದು ಬಂದರೂ ಸ್ವಲ್ಪ ಕಾಲ ಆ ಜಾಗ ಅದಕ್ಕೆ ಬರೀ ನೀರು.

ಮತ್ಸ್ಯಧಾಮದಿಂದ ದೂರದಲ್ಲಿ ಬೀಸುಬಲೆ ಹಾಕಿ ಬಂದವರೊಬ್ಬರ ಮನೆಯಲ್ಲಿ, ಹಿತ್ತಲ ಕಲ್ಲಿನ ಮೇಲೆ ಮೀನು ಹಸನು ಮಾಡುತ್ತಿದ್ದರು. ಗೆಳೆಯ ಸಂಕೋಚವಿಲ್ಲದೆ, “ಅಕ್ಕ, ಆ ಹೊಟ್ಟೆ ಎಸೀಬೇಡಿ, ನಂಗೆ ಕೊಡಿ” ಎಂದ. ಬೆಕ್ಕು ಮತ್ತು ಅವನ ನಡುವೆ ಸಣ್ಣ ಪೈಪೋಟಿಯೇ ಆಯಿತು. ಗಿರ್ಲು ಮೀನಿಗೆ ಗೆಂಡೆಯ ಹಾಗಲ್ಲ, ಜಠರವಿದೆ. ತಿಂದದ್ದು ಗುರುತು ಸಿಗುವಂತೆ ಇರುತ್ತದೆ. ಬ್ಲೇಡಿನಿಂದ ಸೀಳಿ ತಟ್ಟೆಯ ನೀರಿಗೆ ಬಿಟ್ಟಾಗ ಒಂದೊಂದೇ ಬಿಡಿಸಿಕೊಂಡಿತು: ಏರೋಪ್ಲೇನ್ ಚಿಟ್ಟೆಯ ಮರಿಯ ತಲೆ, ತಲೆಯಡಿ ಮಡಚಿದ ಅದರ ಕೆಳತುಟಿ ಸಮೇತ, ಸೀಗಡಿಯ ಮೀಸೆ, ಏಡಿಯ ಎಳೆ ಕಾಲು, ಮರಳಿನ ಕೊಳವೆಯ ಚೂರು, ಅಂದರೆ ಕ್ಯಾಡಿಸ್ ಮನೆ ಸಮೇತ ಒಳಗೆ ಹೋಗಿದೆ, ಕೂದಲೆಳೆಯ ತುಂಡುಗಳಂಥ ನೊಣದ ಮರಿಗಳು, ಒಂದು ಅಗಳು ಅನ್ನ. ಆ ಅಕ್ಕ ಮೀನು ಬಿಟ್ಟು ತಟ್ಟೆಗೇ ಬಗ್ಗಿದರು. “ಇಷ್ಟ್ ವರ್ಷ ಕೊಯ್ದಿದೀನಿ, ಕರಿ ಕಸ ಅಂತ ತಿಳ್ದಿದ್ದೆ” ಎಂದರು.

ಅವರ ಗಂಡ ಒಳಗಿನಿಂದ ಬೊಗಸೆ ತುಂಬ ಕಪ್ಪೆಚಿಪ್ಪು ತಂದು ತೋರಿಸಿದರು. ಮೊದಲು ಮರಳಲ್ಲಿ ಕಾಲಿಟ್ಟರೆ ಪಾದಕ್ಕೆ ತಾಗುತ್ತಿದ್ದವಂತೆ. ಹೊಳೆಯ ಕಪ್ಪೆಚಿಪ್ಪಿನ ಬಾಳು ಮೀನಿನ ಜೊತೆ ಹೆಣೆದುಕೊಂಡ ಬಗೆ ನನಗೆ ಈ ಇಡೀ ದಾರಿಯಲ್ಲಿ ತುಂಬ ಹಿಡಿಸಿತು. ಇಲ್ಲಿಯವರೆಗೆ ತಳದ ಜೀವ ಮೀನಿಗೆ ಊಟ ಎಂದೆನಲ್ಲ, ಇಲ್ಲಿ ಲೆಕ್ಕ ಸ್ವಲ್ಪ ತಿರುಗುತ್ತದೆ. ತಾಯಿ ಚಿಪ್ಪು ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ನೀರಿಗೆ ಬಿಡುತ್ತದೆ. ಅವು ಯಾವುದಾದರೂ ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಳ್ಳಬೇಕು. ಕೆಲವು ದಿನವೋ ವಾರವೋ ಮೀನಿನ ಮೈಮೇಲೆಯೇ ಬೆಳೆದು, ಮೀನು ಹೋದಲ್ಲಿಗೆ ಹೋಗಿ, ಆಮೇಲೆ ಕಳಚಿ ತಳಕ್ಕೆ ಬಿದ್ದು ಮರಳಲ್ಲಿ ಹುದುಗುತ್ತವೆ. ಈಜಲಾರದ ಜೀವಿ ಹೊಳೆಯ ಮೇಲ್ಭಾಗಕ್ಕೆ ಹೋಗಲು ಬೇರೆ ದಾರಿಯಿಲ್ಲ. ಬೆಳೆದ ಚಿಪ್ಪು ದಿನವಿಡೀ ನೀರು ಸೋಸಿ ಸೋಸಿ ತಿಳಿಗೊಳಿಸುತ್ತದೆ, ಎಳೆಯ ಚಿಪ್ಪುಗಳು ಮಹಶೀರ್‌ನ ಗಂಟಲ ಹಲ್ಲಿಗೂ ಹೋಗುತ್ತವೆ. ಮೀನಿಲ್ಲದ ಹೊಳೆಯಲ್ಲಿ ಚಿಪ್ಪಿಗೆ ಮುಂದಿನ ತಲೆಮಾರಿಲ್ಲ, ಮರಳಿಲ್ಲದ ಹೊಳೆಯಲ್ಲಿ ಈಗಿನ ತಲೆಮಾರಿಗೇ ಜಾಗವಿಲ್ಲ. ಮತ್ತು ಮರಳು ಎಲ್ಲಿಗೆ ಹೋಗುತ್ತಿದೆ ಎಂದು ತುಂಗೆಯ ದಂಡೆಯಲ್ಲಿ ಯಾರನ್ನೂ ಕೇಳಬೇಕಿಲ್ಲ. ರಾತ್ರಿ ಟಿಪ್ಪರಿನ ಸದ್ದಿಗೆ ನಿದ್ದೆ ಬಾರದೆ ಹೊರಳಿದರೆ ಸಾಕು.

ಅಲ್ಲಿಂದ ಗಾಜನೂರಿಗೆ. ಅಣೆಕಟ್ಟಿನ ಹಿಂದೆ ನಿಂತ ನೀರು, ತಳದಲ್ಲಿ ಕೆಸರು. ಹೇಳುವಂಥದ್ದು ಹೆಚ್ಚಿಲ್ಲ. ಹರಿವನ್ನೇ ನಂಬಿದ ಹುಳಗಳಿಗೆ ಇಲ್ಲಿ ಕೆಲಸವಿಲ್ಲ. ಕೆಸರು ಕೆದಕುವ ಸಾಮಾನ್ಯ ಗೆಂಡೆ, ಜನ ‘ಜಿಲೇಬಿ’ ಎಂದು ಕರೆಯುವ ತಿಲಾಪಿಯಾದಂಥ ಹೊರಗಿನ ಮೀನುಗಳಿಗೆ ಇಂಥ ನೀರು ಹಿಡಿಸುತ್ತದೆ.

ಶಿವಮೊಗ್ಗದಲ್ಲಿ ಊರಿನ ಚರಂಡಿ ಹೊಳೆಗೆ ಸೇರುವ ಜಾಗದ ಕೆಳಗೆ ಗೆಳೆಯ ಪ್ಯಾಂಟು ಮಡಚದೆ ದಡದಿಂದಲೇ ಜರಡಿ ಹಾಕಿದ. ಕಪ್ಪು ಕೆಸರು ತೊಳೆದ ಮೇಲೆ ಉಳಿದದ್ದು ಕಡುಗೆಂಪು ಎಳೆಗಳು, ಒದ್ದಾಡುತ್ತ. ಅಕ್ವೇರಿಯಂ ಅಂಗಡಿಯಲ್ಲಿ ರಕ್ತಹುಳ ಎಂದು ಮಾರುತ್ತಾರಲ್ಲ, ಅದೇ ಜಾತಿ, ಒಂದು ಬಗೆಯ ಕಚ್ಚದ ನೊಣದ ಮರಿ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಇವುಗಳ ಮೈಯಲ್ಲೂ ಇದೆ, ಅದಕ್ಕೇ ಕೆಂಪು, ಅದಕ್ಕೇ ಉಸಿರುಕಟ್ಟಿದ ಕೆಸರಲ್ಲೂ ಬದುಕು. ಅಂಕ 2. ಅದರ ಜೊತೆಗಿದ್ದ ಎರೆಹುಳದ ಸಂಬಂಧಿಗೆ 1. ಸಂಖ್ಯೆಯೇನೋ ನೆಮ್ಮಾರಿನ ಕಲ್ಲಿಗಿಂತ ಎಷ್ಟೋ ಹೆಚ್ಚು. ಮೀನಿಗೆ ಊಟ ಕಡಿಮೆಯಿಲ್ಲ, ಆದರೆ ಈ ಊಟ ಮಾಡಲು ಇಲ್ಲಿ ಉಸಿರಾಡಬಲ್ಲ ಮೀನೇ ಬೇಕು. ಲೋಚ್ ಬರುವುದಿಲ್ಲ, ಗರ್ರಾ ಬರುವುದಿಲ್ಲ. ಮೇಲಿನ ಗಾಳಿಯನ್ನೇ ನುಂಗಿ ಬದುಕಬಲ್ಲ ಕೆಲವು ಗಟ್ಟಿಗರು ಬರುತ್ತಾರೆ, ಆಫ್ರಿಕನ್ ಕ್ಯಾಟ್‌ಫಿಶ್ ಅವರಲ್ಲಿ ಮೊದಲಿನದು.

ಕೂಡಲಿ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಸಂಗಮದ ಕಲ್ಲುಗಳಲ್ಲಿ ಚಪ್ಪಟೆ ಮೇಫ್ಲೈ ಇರಲಿಲ್ಲ, ಅದರ ಈಜುಗಾರ ದಾಯಾದಿ ಸಿಕ್ಕಿತು, ಅದಕ್ಕೆ 4 ಅಂಕ. ಬಲೆಗಾರ ಕ್ಯಾಡಿಸ್ ಒಂದಿಷ್ಟು. ಚೂಪು ತಿರುಗಣೆಯ ಬಸವನಹುಳು ರಾಶಿ. ಹೊಳೆ ಚರಂಡಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ತಾನೇ ಸ್ವಲ್ಪ ಸುಧಾರಿಸಿಕೊಂಡಿದೆ. ದೇವಸ್ಥಾನದ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನಮ್ಮ ತಟ್ಟೆಯನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದವರು ಇಳಿದು ಬಂದರು. ವಿಷಯ ಕೇಳಿ ತಿಳಿದುಕೊಂಡು ನೇರ ಪ್ರಶ್ನೆಗೇ ಬಂದರು.

“ಹೊಳೆಗೆ ಡ್ಯಾಮಿಗೆ ಮೀನುಮರಿ ಬಿಡ್ತಾರೆ. ಫೋಟೋ ಎಲ್ಲ ಬರ್ತದೆ ಪೇಪರ್ನಾಗೆ. ಕಾಟ್ಲಾ, ರೋಹು. ಹಂಗೇ ಈ ಹುಳಾನೂ ತಂದು ಬಿಡಬಹುದಾ?”

“ಬಿಡೋದು ಬೇಡ ಸಾರ್, ತಾವೇ ಬರ್ತಾವೆ” ಎಂದ ಗೆಳೆಯ. “ಪ್ರತಿ ಮಳೆಗಾಲ ಕೊಚ್ಚಿ ಹೋಗ್ತಾವೆ. ಉಳಿದವು ರೆಕ್ಕೆ ಬಂದ ಮೇಲೆ ಹೊಳೆ ಹರಿಯೋ ದಿಕ್ಕಿಗೆ ಎದುರಾಗಿ ಹಾರಿ ಮೇಲೆ ಹೋಗಿ ಮೊಟ್ಟೆ ಇಡ್ತಾವೆ. ಕಲ್ಲು ಮರಳು ಅಲ್ಲೇ ಇರ್ಬೇಕು, ಸಂದಿ ಮುಚ್ಚಿರಬಾರದು ಅಷ್ಟೆ.”

“ಹಂಗಾದ್ರೆ ಖರ್ಚಿಲ್ಲ ಅನ್ನಿ.”

“ಖರ್ಚಿಲ್ಲ.”

ಹಿರಿಯರು ತಟ್ಟೆಯೊಳಗಿನ ಬಸವನಹುಳುವನ್ನು ಬೆರಳ ತುದಿಯಿಂದ ಮಗುಚಿ ನೋಡಿ, ಕಾಟ್ಲಾ ಮರಿಗೆ ಇದನ್ನು ಒಡೆಯಲು ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ, ಅದು ನೀರಿನ ಮೇಲ್ಭಾಗದಲ್ಲಿ ಸೋಸಿ ತಿನ್ನುವ ಮೀನು, ಗಂಗೆಯ ಕಡೆಯದು ಎಂದ ಗೆಳೆಯ. ಹಾಗಾದರೆ ಒಡೆಯುವ ಮೀನನ್ನು ಯಾಕೆ ಬಿಡುವುದಿಲ್ಲ ಎಂದು ಅವರು ಕೇಳುವಷ್ಟರಲ್ಲಿ ಹೊಳೆಹೊನ್ನೂರಿನ ಬಸ್ಸು ಹಾರ್ನ್ ಹಾಕಿತು. ಗೆಳೆಯ ತಟ್ಟೆಯಲ್ಲಿದ್ದದ್ದನ್ನೆಲ್ಲ ನೀರಿಗೆ ಬಿಟ್ಟು, ಉತ್ತರ ಹೇಳುತ್ತಲೇ ಬಸ್ಸಿನ ಕಡೆ ಓಡಿದ. ಹಿರಿಯರೂ ಕೇಳುತ್ತಲೇ ಹಿಂದೆ ಬಂದು ನಮ್ಮ ಜೊತೆ ಬಸ್ಸು ಹತ್ತಿದರು.